ಗಂಡ ಕೊಂದಿರಲಿಲ್ಲ

ಭಾನುವಾರದ ಪುರವಣಿಯಲ್ಲಿ ಅವನು ಬರೆಯುತ್ತಿದ್ದ ಅಂಕಣದ ಹೆಸರು ‘ಹೊಸ ಹೆಣ’. ಹೊಸದಾಗಿ ಬಂದ ಪತ್ತೇದಾರಿ, ದೆವ್ವದ ಮತ್ತು ಕೊಲೆ ಕಾದಂಬರಿಗಳ ವಿಮರ್ಶೆ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವನು ‘ಹೆಣದವನು’ ಆಗಿಬಿಟ್ಟಿದ್ದ. ಕ್ಯಾಂಟೀನಿನವನು ಕೂಡ ‘ಹೆಣದವರ ಟೀಗೆ ಸಕ್ಕರೆ ಬೇಡ’ ಎಂದು ಒಳಗೆ ಹೇಳುತ್ತಿದ್ದ. ಅವನಿಗೆ ಅದು ಹೆಮ್ಮೆಯೇ. ಪುರವಣಿಯಲ್ಲಿ ಪದಬಂಧ ಬಿಟ್ಟರೆ ಜನ ಓದುವುದು ಇದೊಂದನ್ನೇ ಎಂದು ಸಂಪಾದಕಿ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದ್ದರು.

ಆದರೆ ಆ ಪುಸ್ತಕಗಳನ್ನು ಅವನು ಓದುತ್ತಿರಲಿಲ್ಲ. ಓದುತ್ತಿದ್ದವಳು ಅವನ ಅಕ್ಕ.

ಅಕ್ಕ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತಳಾದವಳು. ಅಪ್ಪ ಅಮ್ಮ ಬೇಗ ಹೋದರು. ಅವನನ್ನು ಓದಿಸಿ ದಡ ಸೇರಿಸಿದವಳು ಅವಳೇ. ಮದುವೆಯ ಗೋಜಿಗೆ ಅವಳು ಹೋಗಲಿಲ್ಲ, ಆಮೇಲೆ ಅವನೂ ಹೋಗಲಿಲ್ಲ. ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ. ಅವಳಿಗೆ ಕೊಲೆ ಕಾದಂಬರಿಯ ಹುಚ್ಚು ಹುಡುಗಿಯಾಗಿದ್ದಾಗಿನಿಂದ ಇತ್ತು. ಅವನಿಗೆ ನಾಲ್ಕು ಪುಟ ಓದಿದರೆ ಕಣ್ಣು ಎಳೆಯುತ್ತಿತ್ತು. ಅಂಕಣ ಅವನ ಪಾಲಿಗೆ ಬಂದಾಗ ಮೊದಲ ವಾರ ಸಮಯವಿಲ್ಲ ಎಂದು ಅಕ್ಕನ ಕೈಗೆ ಕೊಟ್ಟ. ಎರಡನೇ ವಾರಕ್ಕೆ ಅದೇ ಪದ್ಧತಿಯಾಯಿತು.

ಪದ್ಧತಿ ಹೀಗೆ: ಮಧ್ಯಾಹ್ನ ಅಕ್ಕ ಕಿಟಕಿಯ ಪಕ್ಕ ಕೂತು ಓದುವುದು. ಸಂಜೆ ಅವನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುವಾಗ ಅವಳು ಬಾಗಿಲಿಗೆ ಒರಗಿ ಕಥೆ ಹೇಳುವುದು. ಅವನು ಮಧ್ಯೆ ಮಧ್ಯೆ ಹೆಣ ಎಲ್ಲಿ ಸಿಕ್ಕಿತು, ಹೆದರಿಕೆ ಎಲ್ಲಿಂದ ಶುರು, ಮಾಡಿದವನು ಯಾರು ಎಂದು ಕೇಳುವುದು. ಊಟ ಮುಗಿಸಿ ಬರೆಯಲು ಕೂರುವುದು. ಮೊದಲ ಅಧ್ಯಾಯವನ್ನು ಮಾತ್ರ ತಾನೇ ಓದಿ, ಉದಾಹರಣೆಗೆ ಎರಡು ಸಾಲು ಎತ್ತಿಕೊಳ್ಳುತ್ತಿದ್ದ. ಅಕ್ಕ ಇದನ್ನು ಯಾರ ಹತ್ತಿರವೂ ಹೇಳಲಿಲ್ಲ. ಅವಳು ಕೇಳಿದ್ದು ಒಂದೇ, ಭಾನುವಾರ ಬೆಳಿಗ್ಗೆ ಅವನು ಅಂಕಣವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅದನ್ನು ಅವಳು ‘ನಮ್ಮ ಅಂಕಣ’ ಎನ್ನುತ್ತಿದ್ದಳು. ಅವನು ‘ನನ್ನ ಅಂಕಣ’ ಎನ್ನುತ್ತಿದ್ದ.

ಇಂಥ ವಿಮರ್ಶೆಯಲ್ಲಿ ಒಂದು ಕಟ್ಟುನಿಟ್ಟು ಇದೆ: ಕೊನೆ ಹೇಳಬಾರದು. ಕೊನೆ ಚೆನ್ನಾಗಿದೆ, ಕೊನೆ ಪೇಲವ, ಕೊನೆಯಲ್ಲಿ ಬೆವರು ಬರುತ್ತದೆ, ಅಷ್ಟು ಹೇಳಿ ಸುಮ್ಮನಾಗಬೇಕು. ಅವನು ಅದನ್ನು ಎಂದೂ ಮೀರಿರಲಿಲ್ಲ, ‘ಕೆಳದವಡೆ’ ಎಂಬ ಕಾದಂಬರಿ ಬರುವವರೆಗೆ.

ಅದನ್ನು ಬರೆದವರು ಒಬ್ಬ ದಂತವೈದ್ಯೆ. ಮೊದಲ ಪುಸ್ತಕ. ಬಾವಿಯಲ್ಲಿ ಸಿಕ್ಕ ಹೆಂಗಸಿನ ಹೆಣದ ಗುರುತು ಹಲ್ಲಿನಿಂದ ಹತ್ತುತ್ತದೆ, ಅಲ್ಲಿಂದ ಕಥೆ. ಆ ಸಂಜೆ ಅಕ್ಕ ಕಥೆ ಹೇಳುವಾಗ ಎಂದಿನ ಹುರುಪು ಇರಲಿಲ್ಲ. ನಡುವೆ ನಿಲ್ಲಿಸಿ ನೀರು ಕುಡಿದಳು. ಪುಟ ಕಳಿಸಲು ತಡವಾಗುತ್ತಿದೆ, ಬೇಗ ಹೇಳು ಎಂದು ಅವನು ಅವಸರ ಮಾಡಿದ. ‘ಗಂಡನೇ ಕೊಂದಿದ್ದು’ ಎಂದಳು. ಅಷ್ಟೇನಾ ಎಂದು ಕೇಳಿದ. ಅಷ್ಟೇ ಎಂದಳು.

ಅವನಿಗೆ ರೇಗಿತು. ಅಕ್ಕನ ಮೇಲಲ್ಲ, ದಂತವೈದ್ಯೆಯ ಮೇಲೆ. ಇಷ್ಟು ಪುಟ ಓದಿಸಿ ಕೊನೆಗೆ ಗಂಡನನ್ನೇ ಹಿಡಿದುಕೊಡುವುದೇ? ಕೂತು ಬರೆದ: ‘ಕೊನೆಯನ್ನು ಹೇಳಬಾರದು ಎಂಬ ನಿಯಮವನ್ನು ಈ ವಾರ ಮುರಿಯುತ್ತಿದ್ದೇನೆ. ಮುಚ್ಚಿಡಲು ಇಲ್ಲಿ ಗುಟ್ಟೇ ಇಲ್ಲ. ಕೊಂದವನು ಗಂಡ. ಇದು ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಲೇಖಕಿ ಹಲ್ಲು ಕೀಳುವುದರಲ್ಲಿ ಪಳಗಿದವರಿರಬಹುದು, ಓದುಗರ ಹಲ್ಲನ್ನು ಬಿಟ್ಟುಬಿಡಲಿ.’ ಓದಿ ಅವನೇ ನಕ್ಕ. ಸಂಪಾದಕಿಯೂ ನಕ್ಕರು. ಕೊನೆಯ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿದರು.

ಎರಡು ತಿಂಗಳು ಕಳೆದಿರಬೇಕು. ಕಚೇರಿಯಲ್ಲಿ ಪುಟ ಕಟ್ಟುವವನು, ಅಂದರೆ ಬರಹ ಮತ್ತು ಚಿತ್ರಗಳನ್ನು ಪುಟಕ್ಕೆ ಹೊಂದಿಸಿ ಕೂರಿಸುವವನು, ಅವನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡ. ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ‘ಕೆಳದವಡೆ’ ಸಿಕ್ಕಿತಂತೆ, ಬಸ್ಸಿನಲ್ಲಿ ಓದಲು ತಗೊಂಡನಂತೆ. ನೀನು ಬೈದಿದ್ದೀಯ ಅಂತಲೇ ತಗೊಂಡೆ, ನೀನು ಬೈದ ಪುಸ್ತಕ ನನಗೆ ಸೇರುತ್ತೆ ಎಂದ. ಆಮೇಲೆ ದನಿ ತಗ್ಗಿಸಿದ.

‘ಅಲ್ಲಯ್ಯಾ, ಗಂಡ ಕೊಂದ ಅಂತ ಬರೆದಿದ್ದೀಯಲ್ಲ. ಗಂಡ ಅರ್ಧ ಪುಸ್ತಕಕ್ಕೇ ಸಾಯ್ತಾನೆ. ಕೊಂದವಳು ಮನೆ ಓನರಮ್ಮ.’

ಅವನು ನಗಲು ನೋಡಿದ. ಪುಟ ಕಟ್ಟುವವನು ನಗಲಿಲ್ಲ.

‘ನೀನು ಯಾವ ಪುಸ್ತಕ ಓದಿದೆ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋದ.

ವಿಮರ್ಶೆ ಮುಗಿದ ಪುಸ್ತಕಗಳು ಕಚೇರಿಯ ಕಪಾಟಿನಲ್ಲಿ ಬೀಳುತ್ತಿದ್ದವು. ಅವನು ‘ಕೆಳದವಡೆ’ಯನ್ನು ಹುಡುಕಿ ತೆಗೆದ. ಗಂಡ ಅರ್ಧಕ್ಕೇ ಸತ್ತಿದ್ದ, ಅದೂ ಘೋರವಾಗಿ. ಹಾಳೆ ಮಗುಚುತ್ತ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಕ್ಕನಿಗೆ ಹಳೇ ಕೆಲಸದ ಚಟ. ಯಾವ ಪುಸ್ತಕ ಓದಿದರೂ ಕೈಯಲ್ಲಿ ಪೆನ್ಸಿಲ್ ಇರಬೇಕು, ಅಚ್ಚಿನ ತಪ್ಪು ಕಂಡರೆ ಅಂಚಿನಲ್ಲಿ ಗುರುತು ಹಾಕಬೇಕು. ಈ ಪುಸ್ತಕದಲ್ಲಿ ಗುರುತುಗಳು ಎರಡನೇ ಅಧ್ಯಾಯಕ್ಕೇ ನಿಂತಿದ್ದವು. ಇದ್ದ ನಾಲ್ಕೂ ತಪ್ಪಿನ ಪಕ್ಕದಲ್ಲಿರಲಿಲ್ಲ. ಒಂದು ಸಾಲು ಮೇಲೆ, ಇಲ್ಲ ಕೆಳಗೆ. ಒಂದು ಗೆರೆ ಅಕ್ಷರಗಳ ಮೇಲೇ ಹಾದುಹೋಗಿತ್ತು.

ಕಪಾಟಿನ ಮುಂದೆ ನೆಲದಲ್ಲೇ ಕೂತು ಹಳೆಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದ. ವರ್ಷದ ಹಿಂದಿನವುಗಳಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಣ್ಣ, ಚೂಪಾದ ಗುರುತುಗಳು. ಈಚೆಗೆ ಬಂದಂತೆ ಗುರುತುಗಳು ದಪ್ಪಗಾದವು, ವಾಲಿದವು, ಅರ್ಧಕ್ಕೆ ನಿಂತವು, ಕಾಲು ಭಾಗಕ್ಕೆ ನಿಂತವು. ಆ ಪುಸ್ತಕಗಳಿಗೆಲ್ಲ ಅವನು ವಿಮರ್ಶೆ ಬರೆದಿದ್ದ. ದೆವ್ವದ ಕಾದಂಬರಿಯೊಂದರ ಕೊನೆಯನ್ನು ‘ಈ ವರ್ಷದ ಅತ್ಯುತ್ತಮ ಕೊನೆ’ ಎಂದು ಕೊಂಡಾಡಿದ್ದ. ಈಗ ತೆಗೆದು ನೋಡಿದ. ಅಕ್ಕ ಹೇಳಿದ ಕೊನೆ ಅಲ್ಲಿರಲಿಲ್ಲ. ಅಲ್ಲಿದ್ದದ್ದು ಒಬ್ಬ ಮಂತ್ರವಾದಿ ಮತ್ತು ಒಂದು ಬೆಂಕಿ ಅನಾಹುತ. ಅದರ ಲೇಖಕ ಕಚೇರಿಗೆ ಫೋನ್ ಮಾಡಿ, ನನ್ನ ಕೊನೆಯನ್ನು ಅರ್ಥ ಮಾಡಿಕೊಂಡವರು ನೀವೊಬ್ಬರೇ ಎಂದು ಗದ್ಗದಿತನಾಗಿದ್ದ.

ಯಾರೂ ಇಷ್ಟು ದಿನ ಹಿಡಿಯದೇ ಇದ್ದದ್ದು ಅವನು ಕೊನೆಗಳನ್ನು ಹೇಳುತ್ತಿರಲಿಲ್ಲ ಎಂಬ ಕಾರಣಕ್ಕೆ.

ಮನೆಗೆ ಬಂದಾಗ ಅಕ್ಕ ಕಿಟಕಿಯ ಹತ್ತಿರವೇ ಇದ್ದಳು. ಕುರ್ಚಿಯನ್ನು ಕಿಟಕಿಯ ಸರಳಿಗೆ ತಾಗುವಷ್ಟು ಎಳೆದುಕೊಂಡಿದ್ದಳು. ಆ ಕುರ್ಚಿ ತಿಂಗಳಿಂದ ತಿಂಗಳಿಗೆ ಕಿಟಕಿಯ ಕಡೆ ಸರಿಯುತ್ತ ಬಂದದ್ದು ಅವನಿಗೆ ಗೊತ್ತಿತ್ತು. ಓಡಾಡಲು ಜಾಗ ಬಿಡು ಎಂದು ಎರಡು ಸಲ ಗೊಣಗಿದ್ದ ಕೂಡ. ಹಗಲಲ್ಲಿ ದೀಪ ಯಾಕೆ ಎಂದು ಆರಿಸಿದ್ದ. ಅಕ್ಕಿ ಆರಿಸುವ ಕೆಲಸ ಯಾವಾಗ ತನ್ನ ಪಾಲಿಗೆ ಬಂತು ಎಂದು ಕೇಳಿಕೊಂಡಿರಲಿಲ್ಲ.

ಈ ವಾರದ ಪುಸ್ತಕ ಅವಳ ಮಡಿಲಲ್ಲಿತ್ತು. ಅವನು ಈರುಳ್ಳಿ ತೆಗೆದುಕೊಳ್ಳಲಿಲ್ಲ. ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಅಕ್ಕ, ಯಾವಾಗಿನಿಂದ ಕಾಣ್ತಿಲ್ಲ ಎಂದು ಕೇಳಿದ.

ಅವಳು ಪುಸ್ತಕವನ್ನು ಮುಚ್ಚಿದಳು. ಯಾವ ಪುಟದಲ್ಲಿದ್ದೇನೆ ಎಂದು ಬೆರಳು ಕೂಡ ಇಡಲಿಲ್ಲ.

ನಿಧಾನವಾಗಿ ಹೇಳಿದಳು. ನಡುಮಧ್ಯದಲ್ಲಿ ಮಬ್ಬು, ಅಂಚಿನಲ್ಲಿ ಸ್ವಲ್ಪ ಕಾಣುತ್ತದೆ. ಮನುಷ್ಯರು ಗೊತ್ತಾಗುತ್ತಾರೆ, ಅಕ್ಷರ ಗೊತ್ತಾಗುವುದಿಲ್ಲ. ಕಣ್ಣಾಸ್ಪತ್ರೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ತೋರಿಸಿದ್ದಳು. ಕಣ್ಣಿನ ಹಿಂದಿನ ಪರದೆ ಸವೆದಿದೆ, ಹೋದದ್ದು ವಾಪಸ್ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದರು.

‘ಯಾವತ್ತು ಹೇಳಿದ್ರು?’

‘ಹಲ್ಲಿನ ಡಾಕ್ಟರ ಕಥೆ ಕೇಳಿದೆಯಲ್ಲ, ಅವತ್ತು ಮಧ್ಯಾಹ್ನ. ಬೇರೆ ದಿನ ಆಗಿದ್ರೆ ಏನಾದ್ರೂ ಒಳ್ಳೇದು ಹೆಣೀತಿದ್ದೆ. ಅವತ್ತು ತಲೆ ಓಡಲಿಲ್ಲ ಕಣೋ. ಇಂಥ ಕಥೇಲಿ ಗಂಡನೇ ತಾನೇ ಇರೋದು, ಅಂದ್ಬಿಟ್ಟೆ.’

ಅವನಿಗೆ ತಾನು ಬೇಗ ಹೇಳು ಎಂದದ್ದು ನೆನಪಾಯಿತು. ಹೇಳಬೇಕಿತ್ತಲ್ಲ ಅಕ್ಕ ಎಂದ. ಹೇಳಿದ್ದರೆ ನೀನು ಪುಸ್ತಕ ಮನೆಗೆ ತರುವುದನ್ನು ನಿಲ್ಲಿಸುತ್ತಿದ್ದೆ, ಆಮೇಲೆ ಮಧ್ಯಾಹ್ನವೆಲ್ಲ ನಾನು ಏನು ಮಾಡಲಿ ಎಂದಳು. ಆಮೇಲೆ, ದೂರುವ ದನಿಯಲ್ಲಲ್ಲದೆ, ‘ನೀನೂ ಕೇಳಲಿಲ್ಲ’ ಎಂದಳು.

ಅದು ಸರಿಯಾಗಿ ತಾಗಿತು. ಅವನು ಕೇಳದೆ ಇದ್ದದ್ದು ಅದು ತನ್ನ ಕಣ್ಣಿಗೆ ಬೀಳದ್ದರಿಂದ ಅಲ್ಲ. ಕೇಳಿದ್ದರೆ ಅಂಕಣ ನಿಲ್ಲುತ್ತಿತ್ತು.

ದಂತವೈದ್ಯೆಯ ಪುಸ್ತಕದಲ್ಲಿ ಗಂಡ ಕೊಂದಿಲ್ಲ, ಅವನೇ ಸಾಯುತ್ತಾನೆ ಎಂದು ತಿಳಿಸಿದಾಗ ಅಕ್ಕ ಮುಖ ಮುಚ್ಚಿಕೊಂಡಳು. ಕೆಲಸದಲ್ಲಿದ್ದಷ್ಟು ವರ್ಷವೂ ಅವಳು ತಿದ್ದಿದ ಪುಸ್ತಕದಲ್ಲಿ ಒಂದು ತಪ್ಪು ಉಳಿದಿದೆ ಎಂದರೆ ಊಟ ಸೇರದವಳು. ತಿದ್ದುಪಡಿ ಹಾಕು ಎಂದಳು. ಪುಸ್ತಕ ಓದದೆ ಬರೆದೆ ಎಂದೇ ಹಾಕು, ಸುತ್ತಿ ಬಳಸಬೇಡ. ಅದಕ್ಕೂ ಮೊದಲು ಆಯಮ್ಮನಿಗೆ ಮುಖ ಕೊಟ್ಟು ಹೇಳಿ ಬಾ. ಅವನು ಆಗಲಿ ಎಂದ.

ಕ್ಲಿನಿಕ್ಕಿನ ವಿಳಾಸ ಪುಸ್ತಕದ ಹಿಂಬದಿಯಲ್ಲೇ ಇತ್ತು. ಔಷಧಿ ಅಂಗಡಿಯ ಮೇಲಿನ ಮಹಡಿ. ಮಾರನೇ ದಿನ ಹೋದ. ಕಾಯುವ ಕೋಣೆಯಲ್ಲಿ ಹಳೆಯ ವಾರಪತ್ರಿಕೆಗಳ ಪಕ್ಕ ‘ಕೆಳದವಡೆ’ಯ ಪ್ರತಿಗಳು ಇಟ್ಟಿಗೆಯಂತೆ ಪೇರಿಸಿಟ್ಟಿದ್ದವು. ಮೇಲೊಂದು ಚೀಟಿ: ‘ಹಲ್ಲು ಕೀಳಿಸಿಕೊಂಡವರಿಗೆ ಉಚಿತ.’ ಕೌಂಟರಿನ ಹುಡುಗಿ ಏನು ತೊಂದರೆ ಎಂದು ಕೇಳಿದಳು. ಅವನು ವಿಷಯ ಹೇಳಲು ಹೊರಟವನು ‘ಹಲ್ಲು ನೋವು’ ಎಂದುಬಿಟ್ಟ.

ದಂತವೈದ್ಯೆ ನಡುವಯಸ್ಸಿನವರು, ಮಾತುಗಾರ್ತಿ. ಅವನನ್ನು ಕುರ್ಚಿಯಲ್ಲಿ ಮಲಗಿಸಿ, ದೀಪ ಎಳೆದು, ಬಾಯಿ ತೆಗೆಸಿದರು. ಸುಳ್ಳು ನೋವಿಗೆ ಬಂದವನ ಹಿಂದಿನ ಹಲ್ಲೊಂದರಲ್ಲಿ ನಿಜವಾದ ಹುಳುಕೇ ಸಿಕ್ಕಿತು. ಇಷ್ಟು ದಿನ ಹೇಗೆ ತಡ್ಕೊಂಡ್ರಿ ಎಂದು ಬೈದರು. ಮರಗಟ್ಟುವ ಸೂಜಿ ಚುಚ್ಚಿ, ಅವನ ಬಾಯಿಗೆ ಹತ್ತಿ ತುರುಕಿ ಕೊರೆಯಲು ಶುರು ಮಾಡಿದರು. ಕೊರೆಯುತ್ತಲೇ, ಕಾಯುವಾಗ ಪುಸ್ತಕ ನೋಡಿದ್ರಾ ಎಂದು ಕೇಳಿದರು. ಅವನು ಗಂಟಲಲ್ಲೇ ಹೂಂ ಎಂದ.

ಬರೆಯಲು ನಾಲ್ಕು ವರ್ಷ ಹಿಡಿಯಿತು ಎಂದರು. ರೋಗಿ ರೋಗಿಯ ನಡುವೆ, ಇದೇ ಸ್ಟೂಲಿನ ಮೇಲೆ. ಪೇಪರಿನಲ್ಲಿ ಯಾರೋ ಒಬ್ಬರು ಬರೆದರು, ಗಂಡ ಕೊಂದ ಅಂತ. ನಮ್ಮತ್ತೆ ಪುಸ್ತಕ ಓದಿ ಮುಗಿಸಿದ್ದರು, ಚೆನ್ನಾಗಿದೆ ಎಂದೂ ಹೇಳಿದ್ದರು. ಪೇಪರು ನೋಡಿದ ಮೇಲೆ, ನೀನು ಆಮೇಲೆ ಕೊನೆ ಬದಲಾಯಿಸಿದ್ದೀಯ, ಪೇಪರಿನವರು ಸುಳ್ಳು ಬರೀತಾರಾ ಅಂತ ನನ್ನ ಜೊತೆಗೇ ಜಗಳ. ಇದನ್ನು ಹೇಳಿ ಅವರು ನಕ್ಕರು. ಅಂಗಡಿಯವರು ಪುಸ್ತಕ ವಾಪಸ್ ಕಳಿಸಿದರು, ಪ್ರಕಾಶಕರು ಎರಡನೇದು ಬೇಡ ಎಂದರು. ಎರಡನೇದು ಅರ್ಧ ಬರೆದಾಗಿತ್ತು.

‘ಬೈದ್ರೆ ಬೈಸ್ಕೊಳ್ಳೋಣ,’ ಎಂದರು, ಕೊರೆಯುವುದನ್ನು ನಿಲ್ಲಿಸಿ. ‘ಓದಿ ಬೈಬೇಕಿತ್ತು. ಉಗೀರಿ.’

ಅವನು ಪಕ್ಕದ ಬೋಗುಣಿಗೆ ಉಗಿದ. ಬಾಯಿ ಖಾಲಿಯಾಗಿತ್ತು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವರು ಕೈಗವಸು ಬದಲಾಯಿಸುತ್ತ ಅವನನ್ನೇ ನೋಡುತ್ತಿದ್ದರು.

‘ಎರಡನೇದು ಬರೀತಿದ್ದೀರಾ?’ ಎಂದು ಕೇಳಿದ.

‘ಬಿಟ್ಟೆ,’ ಎಂದರು. ‘ಬಾಯಿ ತೆಗೀರಿ.’

ಹೋಗುವಾಗ ಅವರೇ ಒಂದು ಪ್ರತಿ ಎತ್ತಿ ಕೊಟ್ಟರು. ಹಲ್ಲು ಕೀಳಿಸಿಕೊಂಡಿಲ್ಲವಲ್ಲ ಎಂದು ಅವನು ತೊದಲಿದ. ಮುಂದೆ ಕೀಳಿಸಿಕೊಳ್ಳುವ ಹಾಗಿದೆ, ಇಟ್ಕೊಳ್ಳಿ ಎಂದರು. ಮೆಟ್ಟಿಲಿಳಿಯುವಾಗ ಕೆನ್ನೆ ಜೋಮು ಹಿಡಿದಿತ್ತು, ಪುಸ್ತಕ ಕಂಕುಳಲ್ಲಿತ್ತು.

ಡಾಕ್ಟರಿಗೆ ಹೇಳಿ ಬಂದೆ ಎಂದು ಅಕ್ಕನಿಗೆ ಹೇಳಿದ. ಏನಂದರು ಎಂದು ಅವಳು ಕೇಳಿದಳು. ಬೇಜಾರು ಮಾಡಿಕೊಂಡರು, ಆಮೇಲೆ ಸರಿಹೋದರು ಎಂದ. ನಾಲಿಗೆ ಇನ್ನೂ ಮರಗಟ್ಟಿದ್ದರಿಂದ ಮಾತು ತೊದಲುತ್ತಿತ್ತು. ಅತ್ತು ಬಂದಿದ್ದಾನೆ ಎಂದುಕೊಂಡಳೋ ಏನೋ, ಅಕ್ಕ ಹೆಚ್ಚು ಕೇಳಲಿಲ್ಲ.

ತಿದ್ದುಪಡಿಯನ್ನಂತೂ ಪ್ರಾಮಾಣಿಕವಾಗಿ ಬರೆದ. ಪುಸ್ತಕ ಓದಿರಲಿಲ್ಲ, ಈ ಒಂದನ್ನು ಮಾತ್ರವಲ್ಲ, ಯಾವುದನ್ನೂ ಪೂರ್ತಿ ಓದಿದವನಲ್ಲ, ಲೇಖಕಿಯ ಮತ್ತು ಓದುಗರ ಕ್ಷಮೆ ಕೇಳುತ್ತೇನೆ. ಸಂಪಾದಕಿ ಓದಿ ಕನ್ನಡಕ ತೆಗೆದಿಟ್ಟರು. ಏನ್ರೀ ಇದು, ಆತ್ಮಕಥೆನಾ ಎಂದು ಕೇಳಿದರು. ಇದು ಅಚ್ಚಾದರೆ ನಾಳೆ ಅಂಕಣವೂ ಇಲ್ಲ ನೀವೂ ಇಲ್ಲ, ನಿಮ್ಮನ್ನು ಇಟ್ಟುಕೊಂಡಿದ್ದಕ್ಕೆ ನಾನೂ ಇಲ್ಲ ಎಂದರು. ಅವನ ಹಾಳೆಯ ಹಿಂಬದಿಯಲ್ಲೇ ಒಂದು ಸಾಲು ಗೀಚಿ ಕೊಟ್ಟರು. ಅವನು ಆ ಸಾಲನ್ನು ನೋಡಿದ. ಕಿಟಕಿಯ ಹತ್ತಿರದ ತನ್ನ ಮೇಜನ್ನು ನೋಡಿದ. ಪುಟ ಕಟ್ಟುವವನ ಕೈಗೆ ಆ ಸಾಲನ್ನು ಅವನೇ ಒಯ್ದು ಕೊಟ್ಟ. ಪುಟ ಕಟ್ಟುವವನು ಓದಿ, ಅವನ ಮುಖ ನೋಡದೆ, ಕೂರಿಸ್ತೀನಿ ಬಿಡು ಎಂದ.

ಭಾನುವಾರ ಬೆಳಿಗ್ಗೆ ಅಕ್ಕ ತಲೆ ಬಾಚಿಕೊಂಡು, ಕುರ್ಚಿಯನ್ನು ಕಿಟಕಿಯಿಂದ ಈಚೆ ಎಳೆದುಕೊಂಡು ಕೂತಿದ್ದಳು. ಇನ್ನು ಅದು ಅಲ್ಲಿದ್ದು ಪ್ರಯೋಜನವಿರಲಿಲ್ಲ. ಕಾಫಿ ಲೋಟ ಕೈಗೆ ಕೊಟ್ಟ. ಓದು ಎಂದಳು.

ಅವನು ಪುರವಣಿ ಬಿಡಿಸಿದ. ಸಂಪಾದಕಿ ತಳ್ಳಿಹಾಕಿದ್ದ ತನ್ನ ತಿದ್ದುಪಡಿ ಬಾಯಿಪಾಠವಾಗಿತ್ತು. ಪತ್ರಿಕೆಯನ್ನು ಎದುರಿಗೆ ಹಿಡಿದು ಅದನ್ನೇ ಓದಿದ. ಪುಸ್ತಕ ಓದಿರಲಿಲ್ಲ ಎಂದದ್ದು, ಯಾವುದನ್ನೂ ಓದಿಲ್ಲ ಎಂದದ್ದು, ಕ್ಷಮೆ. ಅಕ್ಕನ ಹೆಸರು ಹೇಳದೆ ‘ಮನೆಯವರೊಬ್ಬರು’ ಎಂದು ಬರೆದಿದ್ದ ಭಾಗಕ್ಕೆ ಬಂದಾಗ ದನಿ ನಡುಗಿತು, ಆ ನಡುಕ ಸುಳ್ಳಲ್ಲ. ಮುಗಿಸಿ ಪತ್ರಿಕೆ ಮಡಚಿದ.

ಅಕ್ಕ ಎರಡು ಗುಟುಕು ಕಾಫಿ ಕುಡಿದಳು. ಆಮೇಲೆ ಎಲ್ಲಿ ಅಚ್ಚಾಗಿದೆ, ಯಾವ ಪುಟ ಎಂದು ಕೇಳಿದಳು. ಅಂಕಣದ ಕೆಳಗೆ ಎಂದ. ಅಂಕಣವೂ ಇದೆಯೋ ಎಂದಳು. ಇದೆ ಎಂದ.

‘ನೀನು ಓದಿದ್ದು ಅರ್ಧ ಪುಟದ ಮ್ಯಾಟರು. ಅಂಕಣವೂ ಇದ್ದು, ತಿದ್ದುಪಡಿಗೆ ಅರ್ಧ ಪುಟ ಯಾವ ಪೇಪರಿನವರು ಕೊಡ್ತಾರೋ? ನಾನು ಇದೇ ಕೆಲಸ ಮಾಡ್ದೋಳು.’ ಲೋಟ ಕೆಳಗಿಡಲು ಜಾಗ ತಡಕಿದಳು. ಅವನು ತೆಗೆದುಕೊಂಡ. ‘ಈಗ ಅಲ್ಲಿ ಏನಿದೆಯೋ ಅದನ್ನ ಓದು.’

ಅವನು ಪತ್ರಿಕೆ ಬಿಡಿಸಿದ.

‘ಹಿಂದಿನ ಸಂಚಿಕೆಯೊಂದರ ವಿಮರ್ಶೆಯಲ್ಲಿ ಮುದ್ರಣ ದೋಷದಿಂದ ಕಥಾವಿವರ ತಪ್ಪಾಗಿದೆ. ವಿಷಾದಿಸುತ್ತೇವೆ.’

‘ಮುದ್ರಣ ದೋಷ,’ ಎಂದಳು ಅಕ್ಕ. ಆ ಎರಡು ಪದಗಳ ಹಿಂದೆ ಅವಳ ಇಡೀ ಆಯುಷ್ಯವಿತ್ತು. ಅವನು ಗೋಡೆ ನೋಡಿದ. ಡಾಕ್ಟರಿಗೂ ಹೇಳಿಲ್ಲ ಅಲ್ವಾ ಎಂದು ಅವಳು ಕೇಳಿದಳು. ಇಲ್ಲ ಎಂದ. ಅವಳು ‘ನನಗೆ ಸುಳ್ಳು ಹೇಳಿದೆ’ ಎನ್ನಲಿಲ್ಲ. ಅಂದಿದ್ದರೆ ಅವನೂ ಏನಾದರೂ ಅನ್ನಬಹುದಿತ್ತು.

ಸೋಮವಾರ ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಅಕ್ಕ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ನಾನೂ ಬರ್ತೀನಿ ಎಂದಳು. ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ ಅವನ ತೋಳು ಹಿಡಿದುಕೊಂಡಳು. ಪ್ರತಿ ಮೆಟ್ಟಿಲನ್ನೂ ಮೊದಲು ಪಾದದಿಂದ ಸವರಿ ನೋಡಿ ಆಮೇಲೆ ಭಾರ ಹಾಕುತ್ತಿದ್ದಳು. ಒಂದೇ ಮನೆಯಲ್ಲಿದ್ದೂ ಅವನು ಇದನ್ನು ನೋಡಿರಲಿಲ್ಲ. ಮನೆಯ ಮೆಟ್ಟಿಲು ಅವಳಿಗೆ ಬಾಯಿಪಾಠ.

ಕಾಯುವ ಕೋಣೆಯಲ್ಲಿ ಕೆನ್ನೆ ಊದಿಕೊಂಡ ಒಬ್ಬ ಮುದುಕ, ಮಗುವಿನ ಜೊತೆ ಒಬ್ಬಳು ತಾಯಿ. ಪುಸ್ತಕದ ಪೇರಿಕೆ ಹಾಗೇ ಇತ್ತು. ಕೌಂಟರಿನ ಹುಡುಗಿ, ಮತ್ತೆ ನೋವಾ ಸರ್ ಎಂದಳು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು ದಂತವೈದ್ಯೆಯೇ ಮುಂದಿನವರನ್ನು ಕರೆಯಲು ಬಂದರು. ಅವನನ್ನು ನೋಡಿ, ತುಂಬಿದ್ದು ಬಿದ್ದುಹೋಯ್ತಾ ಎಂದು ಕೇಳಿದರು.

‘ಇಲ್ಲ ಡಾಕ್ಟ್ರೇ. ಗಂಡ ಕೊಂದ ಅಂತ ಬರೆದೋನು ನಾನೇ. ಪುಸ್ತಕ ಓದಿರಲಿಲ್ಲ. ನಿನ್ನೆ ಪೇಪರಲ್ಲಿ ಬಂದಿದ್ದೂ ಸುಳ್ಳು, ಅದು ಮುದ್ರಣ ದೋಷ ಅಲ್ಲ.’

ಎಲ್ಲರೂ ಕೇಳಿಸಿಕೊಂಡರು. ಮುದುಕ ಕೆನ್ನೆಯಿಂದ ಕೈ ತೆಗೆದ. ದಂತವೈದ್ಯೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತೇ ಇದ್ದರು. ಕ್ಷಮಿಸಿ ಎನ್ನಬೇಕೆಂದು ಅವನು ಬಾಯಿ ತೆರೆದ. ಅವರು ಬೇಡ ಎನ್ನುವಂತೆ ಕೈ ತೋರಿಸಿದರು. ಇವರೆಲ್ಲ ನಿಮಗಿಂತ ಮೊದಲು ಬಂದವರು, ಕೂತ್ಕೊಳ್ಳಿ ಎಂದರು. ಮುದುಕನನ್ನು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿದರು.

ಅವನು ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತ. ಒಳಗೆ ಕೊರೆಯುವ ಸದ್ದು ಶುರುವಾಯಿತು. ಅಕ್ಕ ಅವನ ಕಡೆ ವಾಲಿ ಪಿಸುಗುಟ್ಟಿದಳು.

‘ಮುಖ ಹೇಗಿತ್ತೋ?’

ಒಳ್ಳೆಯದಾಗಿ ಹೇಳಬಹುದಿತ್ತು. ಸಿಟ್ಟು ಇಳಿದ ಹಾಗಿತ್ತು ಎನ್ನಬಹುದಿತ್ತು. ಅವನು ತಡೆದುದನ್ನು ಅಕ್ಕ ಗಮನಿಸಿದಳು.

‘ಕಂಡಷ್ಟು ಹೇಳು. ಸೇರಿಸಬೇಡ.’

‘ಮಾಸ್ಕ್ ಹಾಕಿದ್ರು,’ ಎಂದ. ‘ಕಣ್ಣು ಮಾತ್ರ ಕಾಣ್ತಿತ್ತು. ಕಣ್ಣು ಒದ್ದೆ ಇರಲಿಲ್ಲ. ನನ್ನನ್ನ ನೋಡಿದ್ರು, ಆಮೇಲೆ ಪುಸ್ತಕದ ಕಡೆ ನೋಡಿದ್ರು. ಅಷ್ಟೇ.’

ಅಕ್ಕ ತಲೆಯಾಡಿಸಿ, ಗೋಡೆಗೆ ಒರಗಿ ಕೂತಳು. ಇಬ್ಬರೂ ತಮ್ಮ ಸರದಿಗೆ ಕಾದರು.